ಪಟ್ಟವು ಯಾರ ಸ್ವತ್ತು?

ಮನೆಯ ಯಜಮಾನನು ಕಾಲವಾದನೆಂದರೆ ಅವನ ಹೊಲ, ಮನೆ, ದನಕರು, ಪಾತ್ರೆ ಪದಾರ್ಥಗಳು ಮಕ್ಕಳಿಗೆ ಸಲ್ಲುವುವು. ಇದು ಲೋಕದಲ್ಲಿ ಎಲ್ಲರೂ ಒಪ್ಪಿದ ನ್ಯಾಯ. ಹಿರಿಯ ಮಗನು ಬುದ್ಧಿವಂತನೋ ಮಂದನೋ, ಕಿರಿಯನು ಉದಾರಿಯೋ ಲೋಭಿಯೋ ಎಂಬ ವಿಚಾರವನ್ನು ಊರಿನ ಹಿರಿಯರು ಕೇಳುವುದಿಲ್ಲ, ಕೇಳಬೇಕಾದುದೂ ಇಲ್ಲ. ಏಕೆಂದರೆ, ಸೋಮಾರಿಯಾದ ಮಗನ ಪಾಲಿಗೆ ಬಂದ ಹೊಲವು ಬೀಳು ಬಿದ್ದರೆ ನಷ್ಟವು ಮುಖ್ಯವಾಗಿ ಅವನದೇ. ಹೊಲಕ್ಕೆ ಹಸಿವಿಲ್ಲ, ಕಣ್ಣೀರಿಲ್ಲ. ಆದರೆ ಅರಸನು ಕಾಲವಾದಾಗ ಅವನ ಮಗನಿಗೆ ಸಲ್ಲುವ ವಸ್ತುವು ಎಂಥದು? ಕೋಟೆ ಕೊತ್ತಲಗಳು, ಬೊಕ್ಕಸ, ಆನೆ ಕುದುರೆಗಳು ಇಷ್ಟೇ ಅಲ್ಲ. ಆ ಸೀಮೆಯ ಒಕ್ಕಲುಗಳು, ಅವರ ಹೆಂಡಿರು ಮಕ್ಕಳು, ಅವರ ನಾಳಿನ ಅನ್ನ, ಅವರ ಮಾನ ಪ್ರಾಣಗಳು, ಇವೆಲ್ಲವೂ ಆ ದಾಯದೊಳಗೆ ಸೇರಿರುವುವು. ಜೀವವಿಲ್ಲದ ಹೊಲಕ್ಕೆ ಸಲ್ಲುವ ನ್ಯಾಯವು ಜೀವವುಳ್ಳ ಜನಕ್ಕೂ ಸಲ್ಲುವುದೆ? ಪಟ್ಟವೆಂಬುದು ಪಟ್ಟಕ್ಕೆ ಬಂದವನ ಸ್ವತ್ತೆ, ಅಥವಾ ಪಟ್ಟಕ್ಕೆ ಬಂದವನೇ ಜನದ ಸ್ವತ್ತೆ?

ಈ ಪ್ರಶ್ನೆಯನ್ನು ಎತ್ತಿದ ಕೂಡಲೆ, ಅರಸರ ಕಾಲವು ಕಳೆದುಹೋಗಿರುವಾಗ ಇಂಥ ವಿಚಾರದಿಂದ ಪ್ರಯೋಜನವೇನೆಂದು ಕೆಲವರು ಆಕ್ಷೇಪಿಸಬಹುದು. ಆ ಆಕ್ಷೇಪಕ್ಕೆ ಸಮಾಧಾನವು ಮುಂದೆ ತಾನಾಗಿಯೇ ದೊರೆಯುವುದು. ಪ್ರಕೃತ ವಿಚಾರಕ್ಕೆ ಬೇಕಾದ ಸಾಮಗ್ರಿಯನ್ನು ದೂರದ ದೇಶಗಳಲ್ಲಿ ಹುಡುಕಬೇಕಾಗಿಲ್ಲ. ಚಿತ್ರದುರ್ಗದ ಬಂಡೆಗಳ ನಡುವೆಯೇ ಅದು ಬೇಕಾದಷ್ಟು ಬಿದ್ದಿರುವುದು.

ದುರ್ಗದ ನಾಯಕರ ಮನೆತನವು ಹದಿನಾರನೆಯ ಶತಮಾನದ ಉತ್ತರಾರ್ಧದಿಂದ ೧೭೭೯ರವರೆಗೆ, ಎರಡು ಶತಮಾನಗಳಿಗೂ ಮಿಕ್ಕು ಬಾಳಿತು. ಅದರ ಮೂಲಪುರುಷನಾದ ತಿಮ್ಮಣ್ಣ ನಾಯಕನು ಹುಟ್ಟಿನಿಂದ ಅರಸನಾದವನಲ್ಲ. ವಿಜಯನಗರದವರು ಅವನಿಗೆ ಮೊದಲು ಹೊಳಲ್ಕೆರೆಯ ಸೀಮೆಯನ್ನು, ಅನಂತರ ಹಿರಿಯೂರು ಚಿತ್ರದುರ್ಗಗಳನ್ನು ನಾಯಕತನಕ್ಕೆ ಕೊಟ್ಟರೆಂದು ಹೇಳುವರು. ಇಂದು ತಾಳ್ಯವೇ ಮೊದಲಾದ ಊರುಗಳಿರುವ ಈ ಬಯಲು ನೆಲದಲ್ಲಿಯೇ ಆ ಮನೆತನದ ಭಾಗ್ಯವು ಮೊಳೆತಿತೆಂದು ಇದರಿಂದ ತಿಳಿಯುವುದು. ವಿಜಯನಗರದ ಕಾಲದ ನಾಯಕತನವೆಂದರೇನು? ಅದು ದಾನವಲ್ಲ, ಉಂಬಳಿಯೂ ಅಲ್ಲ. ಇಂತಿಷ್ಟು ಪಡೆಯನ್ನು ಸಾಕಬೇಕು, ಇಂತಿಷ್ಟು ಹಣವನ್ನು ಸಲ್ಲಿಸಬೇಕು, ಸೀಮೆಯನ್ನು ಕಾಯಬೇಕು. ಈ ಕಟ್ಟಳೆಗಳಿಗೆ ಒಳಪಟ್ಟು ನೆಲದ ಹುಟ್ಟುವಳಿಯನ್ನು ಅನುಭವಿಸಬಹುದು. ಕಟ್ಟಳೆಗೆ ತಪ್ಪಿದರೆ ನೆಲವು ತಪ್ಪುವುದು. ಎಂದ ಮೇಲೆ, ಮುಂದೆ ವಂಶಪರಂಪರೆಯ ಹಕ್ಕೆಂದು ಮೆರೆದುದು ಮೊದಲಿಗೆ ಒಂದು ಹೊಣೆಯಾಗಿಯೇ ಹುಟ್ಟಿತೆಂಬುದು ಸ್ಪಷ್ಟ.

ತಿಮ್ಮಣ್ಣ ನಾಯಕನನ್ನು ಕುರಿತ ಕಥೆಯೊಂದು ಪ್ರಸಿದ್ಧವಾಗಿದೆ. ಅವನ ಮೇಲೆ ಮುನಿದು ವಿಜಯನಗರದ ಸೈನ್ಯವು ದಂಡೆತ್ತಿ ಬಂದಿರಲು, ಅವನು ಶತ್ರುವಿನ ಪಾಳೆಯವನ್ನು ರಾತ್ರಿ ಹೊಕ್ಕು ಸೇನಾಪತಿಯ ಕುದುರೆಯನ್ನು ಅಪಹರಿಸಲು ಹೋದನಂತೆ. ಅಷ್ಟರಲ್ಲಿ ಲಾಯದವನು ಎಚ್ಚರಗೊಳ್ಳಲು, ನಾಯಕನು ಹುಲ್ಲಿನ ಅಡಿಯಲ್ಲಿ ಅಡಗಿದನು. ಲಾಯದವನು ಕುದುರೆಯನ್ನು ಮತ್ತೆ ಕಟ್ಟುವುದಕ್ಕಾಗಿ ಗೂಟವನ್ನು ನೆಟ್ಟಾಗ ಅದು ನಾಯಕನ ಕೈಯನ್ನು ತೂರಿ ನೆಲಕ್ಕೆ ಇಳಿಯಿತು. ಅವನು ಉಸಿರೆತ್ತಲಿಲ್ಲ. ಎಲ್ಲವೂ ನಿಶ್ಶಬ್ದವಾದ ಮೇಲೆ, ಬೇರೆ ಉಪಾಯಗಾಣದೆ ತನ್ನ ಕೈಯನ್ನು ತಾನೇ ಕತ್ತರಿಸಿಕೊಂಡು, ಕುದುರೆಯನ್ನೇರಿ ಹೊರಟುಹೋದನಂತೆ. ಕಥೆಯಲ್ಲಿ ಎಷ್ಟು ಭಾಗ ನಡೆದುದು, ಎಷ್ಟು ಭಾಗ ಜನರು ಕಟ್ಟಿದುದು ಎಂಬ ವಿಚಾರವು ಹಾಗಿರಲಿ. ಜನರು ಮೂಲಪುರುಷನ ವಿಷಯದಲ್ಲಿ ಇಂಥ ಕಥೆಯನ್ನೇ ಏಕೆ ಉಳಿಸಿಕೊಂಡರು ಎಂಬುದು ಯೋಚಿಸತಕ್ಕ ಸಂಗತಿ. ಅವನು ಪಟ್ಟಕ್ಕೆ ತನ್ನ ಮೈಯ ಭಾಗವನ್ನೇ ಬೆಲೆಯಾಗಿ ತೆತ್ತನೆಂದು ಜನರ ಮನಸ್ಸು ಹೇಳುತ್ತಿರುವುದು. ಅವನ ಮೊಮ್ಮಕ್ಕಳ ಮರಿಮಕ್ಕಳಿಗೆ ಅದೇ ಪಟ್ಟವು ತೊಟ್ಟಿಲಲ್ಲಿಯೇ ದೊರೆಯಿತು. ತೆತ್ತು ಪಡೆದುದಕ್ಕೂ ತೆರದೆ ಪಡೆದುದಕ್ಕೂ ಒಂದೇ ಹೆಸರು ಇರಬಹುದು. ಎರಡೂ ಒಂದೇ ವಸ್ತುವೆಂದು ಹೇಳಲಾಗದು.

ಹೀಗಿದ್ದರೂ ವಂಶಕ್ರಮದ ಪಕ್ಷದಲ್ಲಿ ಹೇಳತಕ್ಕ ಮಾತು ಇಲ್ಲದೆ ಇಲ್ಲ. ಅದನ್ನು ಮರೆಮಾಡುವುದು ನ್ಯಾಯವಲ್ಲ. ಅರಸನ ತರುವಾಯ ಯಾರು ಎಂಬುದು ಮೊದಲೇ ಗೊತ್ತಾಗಿದ್ದರೆ ಕತ್ತಿಗಳು ಒರೆಯಲ್ಲಿ ಉಳಿಯುವುವು. ಗೊತ್ತಾಗದಿದ್ದರೆ ಪ್ರತಿಯೊಬ್ಬ ರಾಜಪುತ್ರನೂ ಉಳಿದವರಿಗೆ ಯಮನಾಗುವನು. ದಿಲ್ಲಿಯ ಮೊಗಲರಲ್ಲಿ ಹಿರಿಯ ಮಗನಿಗೇ ಪಟ್ಟವೆಂಬ ಸ್ಥಿರವಾದ ಕಟ್ಟಳೆ ಇರಲಿಲ್ಲ. ೧೬೫೭ರಲ್ಲಿ ಷಾಜಹಾನನು ರೋಗಕ್ಕೆ ತುತ್ತಾದನೆಂಬ ಸುದ್ದಿಯು ಹಬ್ಬಿದ ಮಾತ್ರಕ್ಕೆ ಅವನ ನಾಲ್ವರು ಮಕ್ಕಳು ನಾಲ್ಕು ದಿಕ್ಕಿನಿಂದ ದಂಡೆತ್ತಿದರು; ತಂದೆಯು ಬದುಕಿರುವಾಗಲೇ ಅಣ್ಣತಮ್ಮಂದಿರ ನೆತ್ತರು ಹರಿಯಿತು. ಸ್ಥಿರವಾದ ಕ್ರಮವೊಂದು ಇದ್ದಿದ್ದರೆ ಸಾವಿರಾರು ಮಂದಿ ಬಡ ಸಿಪಾಯಿಗಳು ಮನೆಗೆ ಹಿಂದಿರುಗುತ್ತಿದ್ದರು. ದುರ್ಗದಲ್ಲಿಯೂ ೧೬೮೯ರಲ್ಲಿ ಪಟ್ಟಕ್ಕೆ ಬಂದ ಭರಮಣ್ಣ ನಾಯಕನು ೧೭೨೧ರವರೆಗೆ ಆಳಿ, ಮೊಗಲರು ಸಿರಾದಲ್ಲಿ ಬೀಡುಬಿಟ್ಟಿದ್ದ ಕಷ್ಟಕಾಲದಲ್ಲಿಯೂ ಗುಡಿಗಳನ್ನೂ ಕೆರೆಗಳನ್ನೂ ಕಟ್ಟಿಸಿದನು. ಕೆರೆಯನ್ನು ಕಟ್ಟಿಸುವುದಕ್ಕೆ ಹತ್ತು ವರ್ಷ ಮುಂದಿನದನ್ನು ಕಾಣಬೇಕು. ನಾಳೆ ಪಟ್ಟವು ಉಳಿಯುವುದೋ ಇಲ್ಲವೋ ಎಂಬ ಅಂಜಿಕೆಯುಳ್ಳವನಿಗೆ ಅಷ್ಟು ದೂರದ ದೃಷ್ಟಿ ಬಾರದು.

ಆದರೆ ಈ ವಾದವನ್ನು ಚೆನ್ನಾಗಿ ಪರೀಕ್ಷಿಸಿದರೆ, ಅದು ರಕ್ತದ ಮಹಿಮೆಯನ್ನು ಸಾಧಿಸುವುದಿಲ್ಲ. ವಂಶಕ್ರಮವು ಒಳ್ಳೆಯದೇಕೆಂದರೆ ಅದರಿಂದ ಜನಕ್ಕೆ ಶಾಂತಿಯುಂಟು ಎಂದು ತಾನೆ ಅದು ಹೇಳುವುದು? ಹಾಗಾದರೆ ಪಟ್ಟದ ಹಕ್ಕಿಗೆ ಬೇರು ಜನದ ಹಿತದಲ್ಲಿರುವುದೇ ಹೊರತು ಅರಸನ ನರನಾಡಿಗಳಲ್ಲಿ ಅಲ್ಲ. ಯಾವುದು ಜನಹಿತಕ್ಕಾಗಿ ಇರುವುದೋ ಅದು ಜನಹಿತಕ್ಕೆ ವಿರೋಧವಾದೊಡನೆ ತನ್ನ ಬೇರನ್ನು ತಾನೇ ಕಡಿದುಕೊಳ್ಳುವುದು.

ಅದೂ ಅಲ್ಲದೆ, ವಂಶಕ್ರಮವು ಕತ್ತಿಯನ್ನು ಒರೆಯಲ್ಲಿ ಇರಿಸುವುದೆಂಬ ಮಾತು ಸಹ ಅರ್ಧಸತ್ಯ. ಎರಡನೆಯ ಮದಕರಿ ನಾಯಕನು ೧೬೭೪ರಲ್ಲಿ ತೀರಿಕೊಂಡ ಮೇಲೆ ದುರ್ಗದಲ್ಲಿ ನಡೆದ ಸಂಗತಿಗಳನ್ನು ನೋಡಬೇಕು. ಅಲ್ಲಿಂದ ೧೬೮೯ರವರೆಗಿನ ಹದಿನೈದು ವರ್ಷಗಳಲ್ಲಿ ಓಬಣ್ಣ ನಾಯಕ, ಚಿಕ್ಕಣ್ಣ ನಾಯಕ, ಲಿಂಗಣ್ಣ ನಾಯಕ, ದೊಣ್ಣೆ ರಂಗಪ್ಪ ನಾಯಕ ಎಂದು ಒಬ್ಬರ ಹಿಂದೊಬ್ಬರು ಗದ್ದುಗೆಯನ್ನು ಏರಿದರು, ಇಳಿದರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಈ ಅವಧಿಯಲ್ಲಿ ದಳವಾಯಿ ಮುದ್ದಣ್ಣನು ಪಟ್ಟವನ್ನು ಕೊಡುವವನೂ ಕಸಿಯುವವನೂ ಆಗಿ ಮೆರೆದನು. ಕಡೆಗೆ ಅವನ ಪಕ್ಷವೂ ಅದೇ ಕತ್ತಿಗೆ ಸಿಕ್ಕಿ ನಾಶವಾಯಿತು. ತ. ರಾ. ಸುಬ್ಬರಾಯರು ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಎಂಬ ಮೂರು ಕಾದಂಬರಿಗಳಲ್ಲಿ ಈ ಕಾಲವನ್ನೇ ಚಿತ್ರಿಸಿದರು. ಹೆಸರುಗಳೇ ಅದರ ಸ್ವರೂಪವನ್ನು ಹೇಳುವುವು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಅಷ್ಟು ಬಲವುಳ್ಳ ದಳವಾಯಿಯು ತಾನೇ ಏಕೆ ಗದ್ದುಗೆಯ ಮೇಲೆ ಕೂಡಲಿಲ್ಲ? ಒಬ್ಬ ನಾಯಕನನ್ನು ತೆಗೆದರೆ ಮತ್ತೊಬ್ಬ ನಾಯಕನನ್ನೇ ಏಕೆ ಹುಡುಕಿದನು? ಮೈಸೂರಿನ ಚರಿತ್ರೆಯೂ ಇದೇ ಪ್ರಶ್ನೆಯನ್ನು ಕೇಳುವುದು. ಅಲ್ಲಿ ದಳವಾಯಿ ದೇವರಾಜಯ್ಯ ನಂಜರಾಜಯ್ಯಂದಿರು ಚಾಮರಾಜ ಒಡೆಯರನ್ನು ೧೭೩೪ರಲ್ಲಿ ಗದ್ದುಗೆಯಿಂದ ಇಳಿಸಿ ಕಬ್ಬಾಳದುರ್ಗಕ್ಕೆ ಕಳುಹಿಸಿದರು. ಅವರು ಅಲ್ಲಿಯೇ ಮಡಿದರು. ಆದರೂ ಒಡೆಯರ ಮನೆತನದ ಎಳೆಯ ಬಾಲಕನೊಬ್ಬನನ್ನು ತಂದು ಮತ್ತೆ ಪಟ್ಟ ಕಟ್ಟಿದರು. ಮುಂದೆ ಹೈದರಾಲಿಯು ರಾಜ್ಯವನ್ನೆಲ್ಲ ತನ್ನ ಅಂಗೈಯಲ್ಲಿ ಹಿಡಿದಿದ್ದ ೧೭೭೬ರಲ್ಲಿಯೂ ಇದೇ ನಡೆಯಿತು. ಆ ವರ್ಷ ಗದ್ದುಗೆಯು ಬರಿದಾಗಲು, ಹೈದರನು ರಾಜಬಂಧುಗಳ ಮನೆಯ ಮಕ್ಕಳನ್ನೆಲ್ಲ ಒಂದು ಚಾವಡಿಯಲ್ಲಿ ಸೇರಿಸಿ, ಅವರ ಮುಂದೆ ಆಟದ ಸಾಮಾನು, ಹಣ್ಣು, ಹಣ, ಆಯುಧ ಮುಂತಾದುವನ್ನು ಹರಡಿಸಿದನಂತೆ. ಮಕ್ಕಳು ತಮತಮಗೆ ಬೇಕಾದುದಕ್ಕೆ ಕೈಚಾಚಿ ಗಲಭೆಯೆಬ್ಬಿಸಿರಲು, ಒಬ್ಬ ಹುಡುಗನು ಕಠಾರಿಯನ್ನು ಎತ್ತಿಕೊಂಡನಂತೆ. ಇವನೇ ಅರಸನೆಂದು ಹೈದರನು ಸಾರಿದನಂತೆ. ಖಾಸಾ ಚಾಮರಾಜ ಒಡೆಯರ ಪಟ್ಟಾಭಿಷೇಕದ ಕಥೆಯು ಇದು.

ಕಠಾರಿಯನ್ನು ಹಿಡಿದ ಆ ಎಳೆಯ ಕೈಗೆ ಮುಂದೆ ಕಠಾರಿಯನ್ನು ಬಳಸುವ ಸ್ವಾತಂತ್ರ್ಯವು ಎಂದೂ ದೊರೆಯಲಿಲ್ಲ. ಹಾಗಿದ್ದ ಮೇಲೆ ಹೈದರನಿಗೆ ಆ ಮಗುವಿನಿಂದ ಆಗಬೇಕಾಗಿದ್ದುದೇನು? ಹೆಸರು. ಜನರು ತಲೆಬಾಗುವುದು ಕತ್ತಿಗೆ ಅಂಜಿ ಮಾತ್ರವಲ್ಲ. ಹಳೆಯ ಹೆಸರಿನ ಮೇಲಿನ ಭಕ್ತಿಯಿಂದ. ರಾಜವಂಶದ ರಕ್ತವು ಮುದ್ರೆಯುಂಗುರದಂತೆ. ಮುದ್ರೆಯನ್ನು ಒತ್ತಿದ ಕೈ ಯಾರದೆಂದು ಮುದ್ರೆಯು ಕೇಳುವುದಿಲ್ಲ. ಹಕ್ಕುದಾರನ ಹೆಸರಿನಲ್ಲಿ ಹಕ್ಕಿಲ್ಲದವನು ಆಳುವುದಕ್ಕೆ ವಂಶಕ್ರಮವು ಅಡ್ಡಿಯಾಗಲಿಲ್ಲ, ಅದೇ ಸೋಪಾನವಾಯಿತು. ಜನರ ಭಕ್ತಿಯು ಪ್ರಶ್ನೆ ಕೇಳುವುದನ್ನು ಮರೆತಾಗ ಅದು ದಳವಾಯಿಗಳ ಬಂಡವಾಳವಾಗುವುದು.

ಈ ಏರ್ಪಾಡಿನಲ್ಲಿ ಹೆಚ್ಚು ಅನ್ಯಾಯಕ್ಕೆ ಗುರಿಯಾದವರಲ್ಲಿ ಪಟ್ಟಕ್ಕೆ ಬಂದ ಮಕ್ಕಳೂ ಸೇರಿದವರೆಂಬುದನ್ನು ಮರೆಯಬಾರದು. ಮುಮ್ಮಡಿ ಕೃಷ್ಣರಾಜ ಒಡೆಯರು ೧೭೯೯ರ ಜೂನ್ ೩೦ರಂದು ಪಟ್ಟಕ್ಕೆ ಬಂದಾಗ ಐದು ವರ್ಷದ ಕೂಸು. ಪೂರ್ಣಯ್ಯನವರು ಹನ್ನೆರಡು ವರ್ಷ ಕಾಲ ರಾಜ್ಯವನ್ನು ನಡೆಸಿದರು. ಹೆಸರಿಗೆ ಮಾತ್ರ ಅರಸನಾಗಿ ಬೆಳೆದ ಬಾಲಕನಿಗೆ ಹದಿನಾರರ ಪ್ರಾಯದಲ್ಲಿ ಒಮ್ಮೆಗೇ ರಾಜ್ಯಭಾರವು ಬಂದಿತು. ೧೮೩೧ರಲ್ಲಿ ಆಡಳಿತವು ಸರಿಯಿಲ್ಲವೆಂದು ಇಂಗ್ಲಿಷರು ಅದನ್ನು ಕಸಿದುಕೊಂಡರು. ತಪ್ಪು ಯಾರದೆಂಬುದು ದೊಡ್ಡ ವಿವಾದ. ಆದರೆ ಒಬ್ಬನನ್ನು ಬಾಲ್ಯದಲ್ಲೆಲ್ಲ ಮುದ್ರೆಯಾಗಿ ಇರಿಸಿಕೊಂಡು, ಪ್ರಾಯಕ್ಕೆ ಬಂದ ದಿನ ನೀನು ಕೈಯಾಗೆಂದು ಹೇಳುವುದು ಎಷ್ಟರಮಟ್ಟಿಗೆ ನ್ಯಾಯ? ಹುಟ್ಟಿನಿಂದ ಪಟ್ಟವನ್ನು ಕೊಡುವ ಲೋಕವು ಹುಟ್ಟಿದವನ ಇಷ್ಟವನ್ನು ಕೇಳುವುದೇ ಇಲ್ಲ.

ಅದೇ ಸ್ಥಿತಿಯು ಸತ್ಪುರುಷರ ಕೈಯಲ್ಲಿ ಹೇಗೆ ಬೇರೆಯಾಗುವುದೆಂಬುದಕ್ಕೆ ದೃಷ್ಟಾಂತವು ಹಿರಿಯೂರಿನ ಬಳಿಯಲ್ಲಿಯೇ ಇದೆ. ಚಾಮರಾಜೇಂದ್ರ ಒಡೆಯರು ೧೮೯೪ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡಾಗ ಯುವರಾಜನು ಹತ್ತು ವರ್ಷದ ಬಾಲಕ. ತಾಯಿಯಾದ ಕೆಂಪನಂಜಮ್ಮಣ್ಣಿಯವರು, ವಾಣೀವಿಲಾಸ ಸನ್ನಿಧಾನದವರು, ೧೮೯೫ರಿಂದ ೧೯೦೨ರವರೆಗೆ ಮಗನ ಹೆಸರಿನಲ್ಲಿ ರಾಜ್ಯವನ್ನು ನಡೆಸಿದರು. ವೇದಾವತಿಗೆ ಮಾರಿಕಣಿವೆಯಲ್ಲಿ ಕಟ್ಟೆಯನ್ನು ಕಟ್ಟುವ ಕೆಲಸವು ೧೮೯೮ರಲ್ಲಿ, ಅವರ ಕಾಲದಲ್ಲಿಯೇ, ಮೊದಲಾಯಿತು. ಕೆಲಸವು ಮುಗಿದುದು ೧೯೦೭ರಲ್ಲಿ, ಅವರು ಅಧಿಕಾರವನ್ನು ಮಗನಿಗೆ ಒಪ್ಪಿಸಿದ ಮೇಲೆ. ಹೊರಗಿನಿಂದ ನೋಡಿದರೆ ದಳವಾಯಿಗಳ ಕಾಲಕ್ಕೂ ಇದಕ್ಕೂ ಭೇದವಿಲ್ಲ: ಗದ್ದುಗೆಯ ಮೇಲೆ ಎಳೆಯನು, ಅಧಿಕಾರವು ಇನ್ನೊಬ್ಬರ ಕೈಯಲ್ಲಿ. ಭೇದವೆಲ್ಲ ಒಳಗಿನದು. ಅವರು ಹಿಡಿದ ಅಧಿಕಾರಕ್ಕೆ ಕೊನೆಯ ದಿನವು ಗೊತ್ತಾಗಿತ್ತು. ಒಪ್ಪಿಸಬೇಕಾದವನು ಕಣ್ಣೆದುರಿಗೆ ಬೆಳೆಯುತ್ತಿದ್ದನು. ತಮ್ಮ ಕಾಲದಲ್ಲಿ ನೀರು ತುಂಬದ ಕೆರೆಗೆ ಕಲ್ಲನ್ನು ಇಡಿಸುವುದು, ಅಧಿಕಾರವನ್ನು ತನ್ನದೆಂದು ಎಣಿಸದವರಿಗೆ ಮಾತ್ರ ಸುಲಭ.

ಹಾಗಾದರೆ ಹುಟ್ಟನ್ನು ಬಿಟ್ಟು ಯೋಗ್ಯತೆಯನ್ನೇ ಹಿಡಿಯೋಣವೆಂದು ಹೇಳಬಹುದು. ಪುರಾಣೇತಿಹಾಸಗಳೂ ಇದಕ್ಕೆ ಅನುಕೂಲವಾಗಿರುವಂತೆ ತೋರುವುವು. ದುಷ್ಯಂತನ ಮಗನಾದ ಭರತನು ತನ್ನ ಒಂಬತ್ತು ಮಂದಿ ಗಂಡುಮಕ್ಕಳಲ್ಲಿ ಯಾರನ್ನೂ ಮೆಚ್ಚದೆ ಹೊರಗಿನಿಂದ ಭುಮನ್ಯುವನ್ನು ಪಡೆದನೆಂದು ಮಹಾಭಾರತವು ಹೇಳುವುದು. ಯಯಾತಿಯು ಹಿರಿಯರನ್ನು ಬಿಟ್ಟು ಕಿರಿಯನಾದ ಪೂರುವಿಗೆ ಪಟ್ಟವನ್ನು ಕೊಟ್ಟಾಗ ಪ್ರಜೆಗಳು ಕಾರಣವನ್ನು ಕೇಳಿದರು. ಅವನು ಕಾರಣವನ್ನು ಹೇಳಿ ಅವರನ್ನು ಒಪ್ಪಿಸಬೇಕಾಯಿತು. ಕೌಟಿಲ್ಯನು ಸಹ, ಒಬ್ಬನೇ ಮಗನಾದರೂ ವಿನಯವಿಲ್ಲದವನಾದರೆ ಅವನಿಗೆ ರಾಜ್ಯವನ್ನು ಕೊಡಕೂಡದೆಂದು ವಿಧಿಸಿರುವನು.

ಆದರೆ ಯೋಗ್ಯತೆಯನ್ನು ಅಳೆಯುವವರು ಯಾರು? ಬಲಶಾಲಿಯಾದ ಪ್ರತಿಯೊಬ್ಬನೂ ತಾನೇ ಯೋಗ್ಯನೆಂದು ಹೇಳಿಕೊಳ್ಳುವನು. ಕತ್ತಿಯ ಮುಂದೆ ಇಲ್ಲವೆನ್ನುವ ಪರೀಕ್ಷಕರು ವಿರಳ. ಕೇವಲ ಸಾಮರ್ಥ್ಯವನ್ನೇ ನೋಡಿದರೆ ಹದಿನೆಂಟನೆಯ ಶತಮಾನದ ಕನ್ನಡ ನಾಡಿನಲ್ಲಿ ಹೈದರಾಲಿಗೆ ಸಮನಾದವರು ಎಷ್ಟು ಮಂದಿ? ಅಕ್ಷರವನ್ನು ಅರಿಯದೆಯೂ ಸಾಮಾನ್ಯ ಸಿಪಾಯಿಯ ಪದವಿಯಿಂದ ಒಂದು ರಾಜ್ಯವನ್ನೇ ಕಟ್ಟಿದ ಪುರುಷನವನು. ಆ ಯೋಗ್ಯತೆಯಿಂದ ಬಿದನೂರಿಗೂ ಸಿರಾಕ್ಕೂ ಚಿತ್ರದುರ್ಗಕ್ಕೂ ಒದಗಿದುದೇನೆಂಬುದನ್ನು ಚರಿತ್ರೆಯೇ ಹೇಳುತ್ತಿರುವುದು. ಹುಟ್ಟು ಕುರುಡು, ಆದರೆ ಯೋಗ್ಯತೆಯು ತನ್ನನ್ನು ಬಿಟ್ಟು ಮತ್ತೇನನ್ನೂ ಕಾಣದಿದ್ದರೆ ಅದೂ ಕುರುಡೇ.

ಹುಟ್ಟು, ಯೋಗ್ಯತೆ, ನ್ಯಾಯ ಮೂರೂ ಒಬ್ಬನಲ್ಲಿಯೇ ಕೂಡಿಬಂದರೆ ಆಗಲಾದರೂ ನೆಮ್ಮದಿಯಿಂದಿರಬಹುದೆ? ಅಮೆರಿಕದ ಫ್ರ್ಯಾಂಕ್ ಹರ್ಬರ್ಟ್ ಎಂಬ ಗ್ರಂಥಕರ್ತನು ೧೯೬೫ರಲ್ಲಿ ‘ಡ್ಯೂನ್’ ಎಂಬ ವೈಜ್ಞಾನಿಕ ಕಲ್ಪನಾಕಥೆಯನ್ನು ಬರೆದು ಈ ಪ್ರಶ್ನೆಯನ್ನೇ ಎತ್ತಿದನು. ಸಾವಿರಾರು ವರ್ಷ ಮುಂದಿನ ಕಾಲ. ನೀರೇ ಇಲ್ಲದ ಮರಳಿನ ಒಂದು ಲೋಕ. ದೊಡ್ಡ ಮನೆತನವೊಂದರ ಅರಸನು ದ್ರೋಹದಿಂದ ಹತನಾಗುವನು. ಮಗನಾದ ಪಾಲನು ತಾಯಿಯೊಡನೆ ಮರುಭೂಮಿಗೆ ಓಡಿಹೋಗಿ, ಅಲ್ಲಿನ ಜನರ ನಾಯಕನಾಗಿ, ಕಳೆದುಕೊಂಡುದನ್ನು ಮರಳಿ ಪಡೆಯುವುದಲ್ಲದೆ ಸಾಮ್ರಾಟನನ್ನೇ ಗೆದ್ದು ಸಿಂಹಾಸನವನ್ನೇರುವನು. ಅವನು ಹಕ್ಕುದಾರ, ಶೂರ, ವಂಚಿತ. ಓದುವವನ ಮನಸ್ಸು ಅವನ ಗೆಲುವಿಗೆ ಹಿಗ್ಗುವುದು. ಆದರೆ ೧೯೬೯ರಲ್ಲಿ ಬಂದ ಮುಂದಿನ ಭಾಗದಲ್ಲಿ, ಅವನ ಹೆಸರೆತ್ತಿಕೊಂಡು ಹೊರಟ ಭಕ್ತರು ಲೋಕಲೋಕಗಳನ್ನೇ ಸುಟ್ಟಿರುವುದು ತಿಳಿಯುವುದು. ಕೋಟ್ಯನುಕೋಟಿ ಜನರು ಮಡಿದಿರುವರು. ಸಿಂಹಾಸನದ ಮೇಲೆ ಕುಳಿತವನಿಗೂ ಅದನ್ನು ತಡೆಯಲಾಗಿರುವುದಿಲ್ಲ. ದುರ್ಗದ ಬಂಡೆಗಳನ್ನು ಕಾಣದ ಆ ಲೇಖಕನು ಕಂಡ ಸತ್ಯವು ದುರ್ಗಕ್ಕೂ ಸಲ್ಲುವುದು: ಅಧಿಕಾರವು ನ್ಯಾಯವಾಗಿ ಬಂದಿತೆಂಬ ಮಾತ್ರಕ್ಕೆ ನ್ಯಾಯವಾಗಿ ಉಳಿಯುವುದಿಲ್ಲ.

ಇನ್ನು ಮಕ್ಕಳಿಲ್ಲದ ಅರಸರ ವಿಷಯ. ಇಮ್ಮಡಿ ಕಸ್ತೂರಿ ರಂಗಪ್ಪ ನಾಯಕನು ೧೭೫೪ರಲ್ಲಿ ಸಂತಾನವಿಲ್ಲದೆ ತೀರಿಕೊಳ್ಳಲು, ಜಾನಕಲ್ಲಿನಲ್ಲಿದ್ದ ಮನೆತನದ ಶಾಖೆಯಿಂದ ಬಾಲಕನನ್ನು ತಂದು ಮದಕರಿ ನಾಯಕನೆಂದು ಪಟ್ಟ ಕಟ್ಟಿದರು. ಹುಟ್ಟಿನ ಹಕ್ಕೆಂಬುದು ಇಲ್ಲಿ ಬಹುಮಟ್ಟಿಗೆ ಹಿರಿಯರ ಆಯ್ಕೆಯಾಯಿತು. ಕಿತ್ತೂರಿನಲ್ಲಿ ೧೮೨೪ರಲ್ಲಿ ದೊರೆಯು ತೀರಿಕೊಂಡಾಗ ದತ್ತಕನಾದ ಶಿವಲಿಂಗಪ್ಪನನ್ನು ಕಂಪನಿಯವರು ಒಪ್ಪಲಿಲ್ಲ. ರಾಣಿ ಚೆನ್ನಮ್ಮನು ಕತ್ತಿ ಹಿಡಿದಳು. ಮುಂದೆ ಡಾಲ್ಹೌಸಿಯು ಸಾತಾರಾ ಝಾನ್ಸಿ ಮೊದಲಾದ ಸಂಸ್ಥಾನಗಳನ್ನು ಇದೇ ನೆಪದಿಂದ ನುಂಗಿದನು. ಅವನು ಮುಂದಿಟ್ಟ ವಾದವು ಗಮನಾರ್ಹವಾದುದು: ದತ್ತಪುತ್ರನಿಗೆ ತಂದೆಯ ಸ್ವಂತ ಆಸ್ತಿಯು ಸಲ್ಲಬಹುದು, ರಾಜ್ಯವು ಸಲ್ಲದು, ಏಕೆಂದರೆ ಆಸ್ತಿ ಬೇರೆ, ರಾಜ್ಯ ಬೇರೆ. ಮಾತು ನಿಜವೇ. ಆದರೆ ನಿಜವಾದ ಮಾತೂ ಕಳ್ಳನ ಬಾಯಲ್ಲಿ ಕನ್ನದ ಕೋಲಾಗುವುದು. ರಾಜ್ಯವು ಅರಸನ ಸ್ವಂತ ಸ್ವತ್ತಲ್ಲವಾದರೆ ಅದು ಆ ಜನರದಾಗಬೇಕು. ಏಳು ಸಮುದ್ರದಾಚೆಯ ವ್ಯಾಪಾರಿಗಳದು ಹೇಗಾದೀತು? ಕಿತ್ತೂರಿನ ಒಕ್ಕಲಿಗನನ್ನು ನಿನ್ನ ಅಭಿಪ್ರಾಯವೇನೆಂದು ಕಂಪನಿಯವರು ಕೇಳಲಿಲ್ಲ. ಅವನು ಕೇಳಿಸಿಕೊಳ್ಳದೆಯೇ ರಾಣಿಯ ಪಕ್ಕದಲ್ಲಿ ನಿಂತು ಉತ್ತರವನ್ನು ಹೇಳಿದನು.

ಇಲ್ಲಿ ವಿಚಾರವು ತನ್ನ ಕಠಿನವಾದ ಸ್ಥಳಕ್ಕೆ ಬರುವುದು. ಜಾನಕಲ್ಲಿನಿಂದ ಬಂದ ಬಾಲಕನು ಬೆಳೆದು ಶೂರನಾದನು. ಒಂದು ಕಡೆ ಹೈದರ, ಇನ್ನೊಂದು ಕಡೆ ಮರಾಟರು. ಇವರಿಬ್ಬರ ನಡುವೆ ದುರ್ಗವು ಅಡಕೊತ್ತಿನಲ್ಲಿಯ ಅಡಕೆಯಾಗಿತ್ತು. ಮದಕರಿಯು ಹೈದರನ ಪಕ್ಷದಲ್ಲಿಯೂ ಕಾದಿದನು. ಮರಾಟರ ಪಕ್ಷವನ್ನೂ ಹಿಡಿಯಬೇಕಾಯಿತು. ೧೭೭೭ರ ಮುತ್ತಿಗೆಯಲ್ಲಿ ಹೈದರನು ದುರ್ಗವನ್ನು ಹಿಡಿಯಲಾಗದೆ ಹಿಂದಿರುಗಿದನು. ೧೭೭೯ರಲ್ಲಿ ಮತ್ತೆ ಬಂದಾಗ, ಕೋಟೆಯೊಳಗಿನ ಕೆಲವು ಪಡೆಗಳವರು ಶತ್ರುವಿನೊಡನೆ ಒಳಸಂಚು ಮಾಡಿದ್ದರಿಂದ ದುರ್ಗವು ಬಿದ್ದಿತು. ನಾಯಕನು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದನು, ಮರಳಲಿಲ್ಲ. ಅವನೊಬ್ಬನೇ ಹೋಗಲಿಲ್ಲ, ಸಾವಿರಾರು ಮಂದಿ ಪ್ರಜೆಗಳನ್ನು ಮನೆಮಠಗಳಿಂದ ಕಿತ್ತು ಅಲ್ಲಿಗೆ ಸಾಗಿಸಿದರು, ಅವರ ಗಂಡುಮಕ್ಕಳನ್ನು ಚೇಲಾ ಪಟಾಲಮುಗಳಿಗೆ ಸೇರಿಸಿದರು. ನಾಯಕನ ಮಾನಕ್ಕೆ ಬೆಲೆಯನ್ನು ತೆತ್ತವರಲ್ಲಿ ನಾಯಕನ ಮುಖವನ್ನೇ ನೋಡದವರೂ ಇದ್ದರು. ಜನರ ಪ್ರಾಣಕ್ಕಾಗಿ ಪಟ್ಟವನ್ನು ಬಿಟ್ಟುಕೊಡುವುದು ಧರ್ಮವಾಗಿತ್ತೆ, ಜನರ ಮಾನಕ್ಕಾಗಿ ಕಾದುವುದು ಧರ್ಮವಾಗಿತ್ತೆ? ಕೋಟೆಯು ನಾಯಕನ ಸ್ವತ್ತಾಗಿದ್ದರೆ ಉತ್ತರವು ಸುಲಭ: ತನ್ನ ಸ್ವತ್ತಿಗಾಗಿ ಪರರ ಮಕ್ಕಳನ್ನು ಬಲಿಗೊಡುವ ಅಧಿಕಾರವು ಯಾರಿಗೂ ಇಲ್ಲ.

ಆದರೆ ಈ ಸುಲಭವಾದ ಉತ್ತರಕ್ಕೆ ಅಡ್ಡವಾಗಿ ಒಬ್ಬ ಹೆಂಗಸು ನಿಂತಿರುವಳು. ಕಾವಲುಗಾರನ ಹೆಂಡತಿಯಾದ ಓಬವ್ವೆಯು, ಗಂಡನು ಊಟಕ್ಕೆ ಕುಳಿತಿದ್ದಾಗ, ಬಂಡೆಯ ಕಿಂಡಿಯಿಂದ ಒಬ್ಬೊಬ್ಬನಾಗಿ ನುಸುಳಿ ಬರುತ್ತಿದ್ದ ಶತ್ರುಗಳನ್ನು ಒನಕೆಯಿಂದ ಬಡಿದು ಕೆಡಹಿದಳೆಂಬ ಕಥೆಯನ್ನು ಅರಿಯದ ಕನ್ನಡಿಗರಿಲ್ಲ. ಆಕೆಗೆ ಯಾವ ದಾಯಾದ್ಯವಿತ್ತು? ಯಾವ ವಂಶಾವಳಿಯಲ್ಲಿ ಆಕೆಯ ಹೆಸರಿತ್ತು? ಊಟಕ್ಕೆ ಕುಳಿತ ಗಂಡನನ್ನು ಎಬ್ಬಿಸಬಾರದೆಂದು ಆಕೆಯು ಒನಕೆಯನ್ನು ಎತ್ತಿದಾಗ ನಾಯಕನ ಪಟ್ಟದ ವಿಚಾರವು ಆಕೆಯ ಮನಸ್ಸಿನಲ್ಲಿ ಇದ್ದಿತೆಂದು ಊಹಿಸುವುದು ಕಷ್ಟ. ಆಕೆಗೆ ಅದು ತನ್ನ ಕೋಟೆ, ತನ್ನ ಒಲೆ, ತನ್ನ ಊರು. ಎಂದರೆ, ದುರ್ಗದ ನಿಜವಾದ ವಾರಸುದಾರಳು ಆ ಕಿಂಡಿಯಲ್ಲಿ ನಿಂತಿದ್ದಳು. ಕೋಟೆಯು ತಮ್ಮದೆಂದು ತಿಳಿದವರು ಇರುವವರೆಗೆ ಅದು ನಿಂತಿತು. ಅದು ತಮ್ಮದಲ್ಲವೆಂದು ತಿಳಿದವರು ಒಳಗೇ ಹುಟ್ಟಿಕೊಂಡಾಗ ಬಿದ್ದಿತು. ಪಟ್ಟವನ್ನು ಆಳುವವರು ತಮ್ಮ ಸ್ವತ್ತೆಂದು ಹೆಚ್ಚು ಹೆಚ್ಚಾಗಿ ಸಾಧಿಸಿದಷ್ಟೂ, ಉಳಿದವರು ಅದು ತಮ್ಮದಲ್ಲವೆಂಬ ಪಾಠವನ್ನು ಹೆಚ್ಚು ಹೆಚ್ಚಾಗಿ ಕಲಿಯುವರು.

ಹೀಗೆ ಹುಟ್ಟೊಂದೇ ಸಾಲದು, ಯೋಗ್ಯತೆಯೊಂದೇ ಸಾಲದು ಎಂದ ಮೇಲೆ ಅಧಿಕಾರಕ್ಕೆ ಆಧಾರವೇನು? ನಮ್ಮ ಹಿರಿಯರು ಇದಕ್ಕೆ ನ್ಯಾಸವೆಂಬ ಮಾತನ್ನು ಕೊಟ್ಟಿರುವರು. ನೆರೆಯವನು ಯಾತ್ರೆಗೆ ಹೋಗುವಾಗ ಒಪ್ಪಿಸಿದ ಒಡವೆಯಂತೆ ಅಧಿಕಾರವನ್ನು ಎಣಿಸುವುದೇ ನ್ಯಾಸಬುದ್ಧಿ. ನ್ಯಾಸಕ್ಕೆ ಮೂರು ಲಕ್ಷಣಗಳುಂಟು. ಅದು ಇಟ್ಟುಕೊಂಡವನದಲ್ಲ ಎಂಬುದು ಮೊದಲನೆಯದು. ತಿಮ್ಮಣ್ಣ ನಾಯಕನಿಗೆ ಹೊಳಲ್ಕೆರೆಯು ದೊರೆತುದು ಈ ಕಟ್ಟಳೆಯ ಮೇಲೆಯೇ. ಕೇಳಿದಾಗ ಲೆಕ್ಕ ಒಪ್ಪಿಸಬೇಕು ಎಂಬುದು ಎರಡನೆಯದು. ಸಗರ ಚಕ್ರವರ್ತಿಯ ಮಗನಾದ ಅಸಮಂಜನು ಪುರಜನರ ಮಕ್ಕಳನ್ನು ಸರಯೂ ನದಿಗೆ ಎಸೆದು ನಗುತ್ತಿದ್ದನೆಂದು ಪ್ರಜೆಗಳು ಮೊರೆಯಿಡಲು, ತಂದೆಯೇ ಆ ಯುವರಾಜನನ್ನು ನಾಡಿನಿಂದ ಹೊರಡಿಸಿದನು. ಆ ದಿನ ಸಗರನ ಮುಂದೆ ಎರಡು ವಾತ್ಸಲ್ಯಗಳಿದ್ದುವು. ಒಡಲ ಮಗನಿಗಿಂತ ಒಕ್ಕಲ ಮಕ್ಕಳು ಅವನಿಗೆ ದೊಡ್ಡವರಾದರು. ಕಾಲ ಬಂದಾಗ ಹಿಂದಕ್ಕೆ ಕೊಡಬೇಕು ಎಂಬುದು ಮೂರನೆಯದು. ದಶರಥನ ಮಗನಾದ ಭರತನು ಪಾದುಕೆಗಳನ್ನು ಸಿಂಹಾಸನದ ಮೇಲಿರಿಸಿ, ತಾನು ನಂದಿಗ್ರಾಮದಲ್ಲಿ ಜಟಾಧಾರಿಯಾಗಿದ್ದು, ಹದಿನಾಲ್ಕು ವರ್ಷ ರಾಜ್ಯವನ್ನು ಕಾದು ಹಿಂದಿರುಗಿಸಿದನು. ಹುಟ್ಟಿನಿಂದ ಬಂದವನಾಗಲಿ ಬಲದಿಂದ ಬಂದವನಾಗಲಿ, ಈ ಮೂರಕ್ಕೆ ಒಳಪಟ್ಟವನು ಅಧಿಕಾರಿ. ಒಳಪಡದವನು ಬರಿಯ ಒಡೆಯ. ಆದಕಾರಣ ಪಟ್ಟವು ಯಾರಿಗೆ ಸಲ್ಲಬೇಕೆಂಬ ಪ್ರಶ್ನೆಗಿಂತ, ಪಟ್ಟವೇರಿದವನು ಯಾರಿಗೆ ಲೆಕ್ಕ ಹೇಳಬೇಕೆಂಬ ಪ್ರಶ್ನೆಯು ಹಿರಿದು.

ಈಗ ಮೊದಲಿನ ಆಕ್ಷೇಪಕ್ಕೆ ಬರಬಹುದು. ೧೯೪೭ರಲ್ಲಿ ಮೈಸೂರು ಸಂಸ್ಥಾನವು ಭಾರತಕ್ಕೆ ಸೇರಿತು, ೧೯೫೦ರಲ್ಲಿ ಗಣರಾಜ್ಯವಾಯಿತು, ೧೯೭೧ರಲ್ಲಿ ಅರಸುಮನೆತನಗಳ ರಾಜಧನವೂ ನಿಂತಿತು. ಊರಿನ ಮಟ್ಟದಲ್ಲಿ ಪಟೇಲಿಕೆ ಶಾನುಭೋಗಿಕೆಗಳು ತಲೆಮಾರಿನಿಂದ ತಲೆಮಾರಿಗೆ ಮನೆತನಗಳಲ್ಲಿಯೇ ಇಳಿದುಬರುತ್ತಿದ್ದುವು; ೧೯೬೧ರ ಶಾಸನವು ಅವನ್ನೂ ತೆಗೆದುಹಾಕಿತು. ತಾಳ್ಯದಂಥ ಊರಿನ ರೈತನಿಗೆ ದುರ್ಗದ ಗದ್ದುಗೆಗಿಂತ ಪಟೇಲನ ಕಟ್ಟೆಯೇ ಹತ್ತಿರದ ಸಿಂಹಾಸನವಾಗಿತ್ತೆಂಬುದನ್ನು ನೆನೆದರೆ, ಈ ಎರಡನೆಯ ಬದಲಾವಣೆಯು ಮೊದಲನೆಯದಕ್ಕಿಂತ ಸಣ್ಣದಲ್ಲ. ಒಳ್ಳೆಯ ಪಟೇಲರು ಬಹುಮಂದಿ ಇದ್ದರು. ತಮ್ಮ ಕಣಜವನ್ನು ಬರಗಾಲದಲ್ಲಿ ತೆರೆದವರೂ ಇದ್ದರು. ಆದರೆ ಅವರು ಒಳ್ಳೆಯವರಾದುದು ಊರಿನ ಅದೃಷ್ಟವಾಗಿತ್ತೇ ಹೊರತು ಊರಿನ ಹಕ್ಕಾಗಿರಲಿಲ್ಲ.

ಪಟ್ಟಗಳು ಹೋದರೂ ಪಟ್ಟದ ಬುದ್ಧಿಯು ಹೋಯಿತೆಂದು ಹೇಳಲಾಗದು. ಜನರು ಮತವನ್ನು ಕೊಟ್ಟು ಆರಿಸಿದ ಸ್ಥಾನವನ್ನು ತಂದೆಯು ಮಗನಿಗೆ, ಗಂಡನು ಹೆಂಡತಿಗೆ, ಅಣ್ಣನು ತಮ್ಮನಿಗೆ ಹೊಲದಂತೆ ಬಿಟ್ಟುಹೋಗುವುದನ್ನು ಕಂಡು ಯಾರೂ ಬೆರಗಾಗುವುದಿಲ್ಲ. ಸಂಘಸಂಸ್ಥೆಗಳನ್ನು ಕಟ್ಟಿದವರ ಮಕ್ಕಳು ಅವು ತಮ್ಮ ಮನೆಯ ಹಿತ್ತಿಲೆಂದು ತಿಳಿಯುವುದುಂಟು. ನಾಯಕನ ಮಗನು ನಾಯಕನಾಗಬಾರದೆಂದು ಹೇಳುವುದು ತಪ್ಪು. ಒಳ್ಳೆಯ ತಂದೆಯ ಬಳಿ ಕೆಲಸವನ್ನು ಕಲಿತ ಮಗನು ಒಳ್ಳೆಯ ಕೆಲಸಗಾರನಾಗಬಹುದು. ಮಗನೆಂಬ ಕಾರಣದಿಂದಲೇ ಅವನನ್ನು ಪ್ರಶ್ನಿಸಬಾರದೆಂಬುದು ಅದಕ್ಕಿಂತ ದೊಡ್ಡ ತಪ್ಪು. ಹೆಸರನ್ನು ನೋಡಿ ತಲೆಬಾಗುವ ಹಳೆಯ ಅಭ್ಯಾಸವು ಉಳಿದಿರುವವರೆಗೆ, ಆ ಹೆಸರಿನ ಹಿಂದೆ ಹೊಸ ದಳವಾಯಿಗಳು ನಿಲ್ಲುವುದೂ ಉಳಿಯುವುದು.

ಇದಕ್ಕೆ ಮದ್ದು ಮನೆಯಲ್ಲಿಯೇ ಮೊದಲಾಗಬೇಕು. ಮಗನಿಗೆ ಹೊಲದ ಪತ್ರವನ್ನು ಒಪ್ಪಿಸುವ ದಿನ ತಂದೆಯು ಅದರೊಡನೆ ಕೊಡತಕ್ಕ ಬುದ್ಧಿಯೊಂದುಂಟು. ಈ ನೆಲವು ನಿನ್ನದು, ನಿನ್ನ ಇಷ್ಟದಂತೆ ಉಳು. ಆದರೆ ಊರು ನಿನಗೆ ಯಾವ ಕೆಲಸವನ್ನಾದರೂ ನಂಬಿ ಒಪ್ಪಿಸಿದರೆ ಅದು ನಿನ್ನದಲ್ಲ, ಅದರ ಲೆಕ್ಕವನ್ನು ಊರಿಗೆ ಹೇಳು, ದಿನ ಬಂದಾಗ ನಗುಮುಖದಿಂದ ಹಿಂದಕ್ಕೆ ಕೊಡು. ಈ ಎರಡರ ಭೇದವನ್ನು ಅರಿತ ಮಕ್ಕಳು ಮನೆಮನೆಗಳಲ್ಲಿ ಬೆಳೆದರೆ, ಪಟ್ಟಕ್ಕೆ ಯಾರು ಬಂದರೂ ನಾಡಿಗೆ ಕೇಡಿಲ್ಲ. ಬೆಳೆಯದಿದ್ದರೆ, ಬಂಡೆಯ ಮೇಲೆ ಏಳು ಸುತ್ತಿನ ಕೋಟೆಯನ್ನು ಕಟ್ಟಿದರೂ ಅದನ್ನು ಒಳಗಿನಿಂದ ತೆರೆಯುವ ಕೈ ಎಲ್ಲಿಯೋ ಬೆಳೆಯುತ್ತಲೇ ಇರುವುದು.